ಸೊನ್ನೆ ಯಾರ ಲೆಕ್ಕದಲ್ಲಿ?

ಬೆಂಗಳೂರಿಗೆ ಹಸಿ ಕಸ, ಒಣ ಕಸ ಬೇರೆ ಮಾಡಲು ಕಲಿಸಿದ್ದು ಪಾಲಿಕೆಯೂ ಅಲ್ಲ, ಪರಿಸರ ದಿನದ ಭಾಷಣಗಳೂ ಅಲ್ಲ. ಮಾವಳ್ಳಿಪುರ ಮತ್ತು ಮಂಡೂರಿನ ಜನ ಕಲಿಸಿದರು. ಮಾವಳ್ಳಿಪುರ ಯಲಹಂಕದ ಆಚೆ, ಮಂಡೂರು ಹಳೆ ಮದ್ರಾಸ್ ರಸ್ತೆಯಿಂದ ಒಳಗೆ. ವರ್ಷಗಟ್ಟಲೆ ನಗರದ ಲಾರಿಗಳು ಈ ಊರುಗಳಿಗೆ ತುಂಬಿ ಬಂದು ಬರಿದಾಗಿ ಹಿಂತಿರುಗಿದವು. ನೊಣ ಬಂತು, ಬೀದಿನಾಯಿಗಳ ಹಿಂಡು ಬಂತು. ಮಳೆ ಬಿದ್ದಾಗಲೆಲ್ಲ ರಾಶಿಯ ಬುಡದಿಂದ ಕಪ್ಪು ನೀರು ಇಳಿದು ಹಳ್ಳ, ಬಾವಿ ಸೇರಿತು. ಹಳ್ಳಿಯವರು ಅರ್ಜಿ ಕೊಟ್ಟರು, ಧರಣಿ ಕೂತರು, ಕಡೆಗೆ ದಾರಿಗೆ ಅಡ್ಡ ನಿಂತರು. 2012ರ ಜುಲೈನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ ಮಾವಳ್ಳಿಪುರದ ಗೇಟು ಮುಚ್ಚಿತು. ಆ ಹೊರೆಯೂ ತಮ್ಮ ತಲೆಗೇ ಬಂದಾಗ ಮಂಡೂರಿನವರೂ ಎದ್ದರು. ಬೆಂಗಳೂರಿನ ಬೀದಿ ಬದಿಯಲ್ಲಿ ಕಸ ಬೆಟ್ಟವಾಯಿತು. ನಗರದ ಮಾನ ಆ ವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರೆಗೂ ಹೋಯಿತು.

ಅಲ್ಲಿಯತನಕ ಇಲ್ಲಿನ ಮನೆಗಳ ಮಟ್ಟಿಗೆ ಕಸ ಎಂದರೆ ಬೆಳಿಗ್ಗೆ ಬಾಗಿಲಾಚೆ ಇಟ್ಟರೆ ಮಾಯವಾಗುವ ವಸ್ತು. ಮಾಯವಾಗುವುದು ನಿಂತ ಮೇಲೆಯೇ ನಿಯಮಗಳು ಹುಟ್ಟಿದವು. 2012ರ ಅಕ್ಟೋಬರ್ 1ರಿಂದ ಮನೆಯಲ್ಲೇ ವಿಂಗಡಣೆ ಕಡ್ಡಾಯ ಎಂದು ಪಾಲಿಕೆ ಸಾರಿತು. ನಾಗರಿಕರು ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆಯಲ್ಲಿ ಹೈಕೋರ್ಟ್ ವರ್ಷಗಟ್ಟಲೆ ಪಾಲಿಕೆಯ ಬೆನ್ನು ಬಿಡಲಿಲ್ಲ. 2015ರ ಡಿಸೆಂಬರ್‌ನಲ್ಲಿ ‘ಎರಡು ಬಕೆಟ್, ಒಂದು ಚೀಲ’ ಪದ್ಧತಿಗೆ ಮುದ್ರೆ ಒತ್ತಿತು. ಹಸಿ ಕಸಕ್ಕೆ ಹಸಿರು ಬಕೆಟ್, ಡೈಪರ್–ಪ್ಯಾಡ್–ಬ್ಯಾಂಡೇಜುಗಳಿಗೆ ಕೆಂಪು ಬಕೆಟ್, ಒಣ ಕಸಕ್ಕೆ ಚೀಲ. ಇಷ್ಟರ ನಡುವೆ ಮಂಡೂರಿಗೆ ಮಾತ್ರ ಪೊಲೀಸ್ ಕಾವಲಿನಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. ಅಲ್ಲಿಗೆ ಸುರಿಯುವುದನ್ನು 2014ರ ಕೊನೆಗೆ ನಿಲ್ಲಿಸುತ್ತೇವೆಂದು ಸರ್ಕಾರ ಮಾತು ಕೊಡಬೇಕಾದರೆ ಆ ಊರು ಎರಡು ವರ್ಷ ಬೀದಿಯಲ್ಲಿ ಕೂರಬೇಕಾಯಿತು.

ಈಗ ‘ಝೀರೊ ವೇಸ್ಟ್’ ಎನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಝೀರೊ ವೇಸ್ಟ್ ಮದುವೆ, ಝೀರೊ ವೇಸ್ಟ್ ಮ್ಯಾರಥಾನ್, ಝೀರೊ ವೇಸ್ಟ್ ಟೆಕ್ ಪಾರ್ಕ್. ಆ ಸೊನ್ನೆ ನಿಜವೋ ಅಲ್ಲವೋ ಎಂದು ತಿಳಿಯಲು ಗೇಟಿಗೆ ತಗುಲಿಸಿದ ಫಲಕ ನೋಡಿ ಪ್ರಯೋಜನವಿಲ್ಲ. ಅಲ್ಲಿಂದ ಹೊರಟ ಲಾರಿಯ ಹಿಂದೆ ಹೋಗಿ, ಅದು ಎಲ್ಲಿ ಬಾಗುತ್ತದೆ, ಯಾರ ಊರಲ್ಲಿ ಸುರಿಯುತ್ತದೆ, ಸುರಿದದ್ದನ್ನು ಕೈಯಿಂದ ಆರಿಸುವವರು ಯಾರು ಎಂದು ನೋಡಬೇಕು. ನಮ್ಮ ಸೊನ್ನೆ ಇನ್ನೊಬ್ಬರ ಲೆಕ್ಕದಲ್ಲಿ ನೂರಾಗಿ ಕೂತಿರುವುದು ಹೊಸ ವಿಷಯವಲ್ಲ.

ಎಲ್ಲದರ ಗಂಟು ಇರುವುದು ಹಸಿ ಕಸದಲ್ಲಿ. ಬೆಂಗಳೂರಿನ ಕಸ ದಿನಕ್ಕೆ ಸುಮಾರು 5,000 ಟನ್. ಅದರಲ್ಲಿ ಅರ್ಧಕ್ಕೂ ಹೆಚ್ಚು ಅಡುಗೆಮನೆ, ಹೋಟೆಲು, ಮಾರುಕಟ್ಟೆಗಳಿಂದ ಬರುವ ಸಿಪ್ಪೆ, ದಂಟು, ಹೂವು, ಉಳಿದ ಅನ್ನ. ಇದು ಬೇರೆಯಾಗಿದ್ದರೆ ಗೊಬ್ಬರ ಅಥವಾ ಗ್ಯಾಸು. ಉಳಿದದ್ದರ ಜೊತೆ ಬೆರೆತರೆ ತಾನೂ ಕೆಟ್ಟು ಉಳಿದದ್ದನ್ನೂ ಕೆಡಿಸುತ್ತದೆ. ಸಾರು ಸೋಕಿದ ರಟ್ಟಿಗೆ ಗುಜರಿಯಲ್ಲಿ ಬೆಲೆಯಿಲ್ಲ, ಗಾಜಿನ ಚೂರು ಬಿದ್ದ ಗೊಬ್ಬರವನ್ನು ಯಾವ ರೈತನೂ ಹೊಲಕ್ಕೆ ಬಿಡುವುದಿಲ್ಲ. ರಾಶಿಯ ಅಡಿ ಗಾಳಿಯಾಡದೆ ಕೊಳೆತರೆ ಮೀಥೇನ್ ಏಳುತ್ತದೆ. ಬೇಸಿಗೆಯಲ್ಲಿ ಕಸದ ಗುಡ್ಡಗಳಿಗೆ ಬೆಂಕಿ ಹತ್ತಿ ವಾರಗಟ್ಟಲೆ ಹೊಗೆಯಾಡುವುದಕ್ಕೆ ಇದೂ ಒಂದು ಕಾರಣ. ಮಳೆಗಾಲದಲ್ಲಿ ಏನಾಗುತ್ತದೆಂದು ಮಂಗಳೂರು 2019ರ ಆಗಸ್ಟ್‌ನಲ್ಲಿ ಕಂಡಿತು. ಪಚ್ಚನಾಡಿಯ ಕಸದ ರಾಶಿ ಕುಸಿದು ಕೆಳಗಿನ ಮಂದಾರದ ಕಡೆಗೆ ಹರಿಯಿತು. ಮನೆಗಳು, ಅಡಿಕೆ–ತೆಂಗಿನ ತೋಟಗಳು ಅದರಡಿ ಹೂತುಹೋದವು. ಕುಟುಂಬಗಳನ್ನು ಎಬ್ಬಿಸಿ ಬೇರೆಡೆ ಸಾಗಿಸಬೇಕಾಯಿತು. ತಲೆಮಾರುಗಳಿಂದ ತೋಟ ಮಾಡಿಕೊಂಡು ಬಂದವರಿಗೆ ಪೇಟೆಯ ಪ್ಲಾಸ್ಟಿಕ್ಕು ಹೊಳೆಯಾಗಿ ಬಂದು ಮನೆ ನುಂಗುತ್ತದೆಂದು ಯಾರು ಹೇಳಿದ್ದರು?

ಮಾವಳ್ಳಿಪುರದವರು ಗೇಟು ಮುಚ್ಚಿಸಿದ ಹೊತ್ತಿಗೇ ಕೇರಳದ ಅಲಪ್ಪುಳದಲ್ಲೂ ಹೀಗೇ ಆಯಿತು. ಆ ಪೇಟೆಯ ಕಸ ಹೋಗುತ್ತಿದ್ದುದು ಹೊರಗಿನ ಸರ್ವೋದಯಪುರಕ್ಕೆ. ಅಲ್ಲಿಯ ಜನ ಲಾರಿ ತಡೆದರು, ಅಲಪ್ಪುಳದ ಕಾಲುವೆಗಳು ಕಸದಿಂದ ಕಟ್ಟಿಕೊಂಡವು. ಅಲಪ್ಪುಳ ಮಾಡಿದ್ದು ಬೇರೆ ಕೆಲಸ: ಇನ್ನೊಂದು ಸರ್ವೋದಯಪುರವನ್ನು ಹುಡುಕಲಿಲ್ಲ. ಆಗ ಶಾಸಕರಾಗಿದ್ದ ಥಾಮಸ್ ಐಸಾಕ್ ಮುಂದೆ ನಿಂತು 2012ರಲ್ಲಿ ‘ನಿರ್ಮಲ ಭವನಂ ನಿರ್ಮಲ ನಗರಂ’ ಎಂಬ ಕಾರ್ಯಕ್ರಮ ಶುರು ಮಾಡಿದರು. ಹಸಿ ಕಸವನ್ನು ಹುಟ್ಟಿದ ಜಾಗದಲ್ಲೇ ಮುಗಿಸುವುದು ಅದರ ತಿರುಳು. ಜಾಗವಿದ್ದ ಮನೆಗೆ ಸಣ್ಣ ಬಯೋಗ್ಯಾಸ್ ಘಟಕ, ಇಲ್ಲದವರಿಗೆ ಪೈಪಿನಲ್ಲಿ ಗೊಬ್ಬರ ಮಾಡುವ ಸಾಧನ, ಅದೂ ಆಗದವರಿಗೆ ಬೀದಿಯ ತಿರುವಿನಲ್ಲಿ ಗಾಳಿಯಾಡುವ ತೊಟ್ಟಿಗಳು. ಕಸ ಎಸೆದು ನಾರುತ್ತಿದ್ದ ಮೂಲೆಗಳನ್ನೇ ತೊಟ್ಟಿಗಳಿಗೆ ಆರಿಸಿಕೊಂಡು, ಗೋಡೆಗೆ ಚಿತ್ರ ಬರೆದು, ಜನ ಬಂದು ನಿಲ್ಲುವ ಜಾಗ ಮಾಡಿದರು. ತೊಟ್ಟಿಯಲ್ಲಿ ಒಂದು ಪದರ ಒಣ ಎಲೆ, ಒಂದು ಪದರ ಹಸಿ ಕಸ, ಮೇಲೆ ಸಗಣಿಯಿಂದ ತಯಾರಿಸಿದ ದ್ರಾವಣ. ತೊಂಬತ್ತು ದಿನಕ್ಕೆ ಗೊಬ್ಬರ. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕಸ ನಿರ್ವಹಣೆಯಲ್ಲಿ ಮಾದರಿಯೆಂದು ಹೆಸರಿಸಿದ ಜಗತ್ತಿನ ಐದು ನಗರಗಳಲ್ಲಿ ಅಲಪ್ಪುಳವೂ ಒಂದು. ಅದು ಸಣ್ಣ ಊರು, ಬೆಂಗಳೂರಿನ ಒಂದು ಮೂಲೆಗೂ ಸಮವಲ್ಲ, ನಿಜ. ಆದರೆ ಬೆಂಗಳೂರನ್ನು ಒಂದೇ ಊರು ಎಂದು ಯಾಕೆ ಎಣಿಸಬೇಕು? ಒಂದೊಂದು ವಾರ್ಡೂ ಒಂದೊಂದು ಪೇಟೆಯಷ್ಟಿದೆ.

ಬೆಂಗಳೂರು ಹಿಡಿದ ದಾರಿ ದೊಡ್ಡ ಘಟಕಗಳದ್ದು. ನಗರದ ಕಸದಿಂದ ಗೊಬ್ಬರ ಮಾಡುವ ಆಲೋಚನೆ ಇಲ್ಲಿಗೆ ಹೊಸದೇನಲ್ಲ; ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿದ್ದು 1975ರಲ್ಲಿ. ಅದರ ಕೂಡ್ಲು ಬಳಿಯ ಘಟಕದ ಸುತ್ತ ಊರು ಬೆಳೆದ ಮೇಲೆ ಅಲ್ಲಿಯ ಅಪಾರ್ಟ್‌ಮೆಂಟುಗಳವರು ವಾಸನೆ ತಡೆಯಲಾಗದೆ ಮುಚ್ಚಿ ಎಂದರು. ಮಂಡೂರಿಗೆ ಹೋಗುವುದು ನಿಂತ ಕಸ ದೊಡ್ಡಬಳ್ಳಾಪುರ ತಾಲ್ಲೂಕಿನ ಗುಂಡ್ಲಹಳ್ಳಿ, ಚಿಗರೇನಹಳ್ಳಿ ಕಡೆಗೆ ತಿರುಗಿತು. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳಿಗೆ ಇಳಿಯಿತು. ದೊಡ್ಡಬಳ್ಳಾಪುರದ ಜನ ಮಂಡೂರಿನವರು ಆಡಿದ ಮಾತನ್ನೇ ಆಡತೊಡಗಿದರು. ಘಟಕವೆಂದರೆ ಕಾಗದದ ಮೇಲೆ ಗೊಬ್ಬರದ ಕಾರ್ಖಾನೆ. ಅಲ್ಲಿಗೆ ಬೆರಕೆ ಕಸ ಬಂದು ಬಿದ್ದರೆ ಅದು ಹೆಸರಷ್ಟೇ ಬದಲಾದ ಗುಂಡಿ.

ಗೊಬ್ಬರ ಮಾಡುವುದು ಕಷ್ಟವೇ ಎಂದರೆ, ಅಲ್ಲ. ಅದಕ್ಕೆ ಬೇಕಾದದ್ದು ಗಮನ. ಹಸಿ ಕಸದಲ್ಲಿ ನೀರೂ ಸಾರಜನಕವೂ ಜಾಸ್ತಿ. ಅದಕ್ಕೆ ಒಣ ಎಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು ಇಂಥದ್ದನ್ನು ಸೇರಿಸಿದರೆ ಗಾಳಿಯಾಡುತ್ತದೆ, ಸೂಕ್ಷ್ಮಜೀವಿಗಳು ಕೆಲಸ ಹಿಡಿಯುತ್ತವೆ, ದೊಡ್ಡ ರಾಶಿಯಾದರೆ ಒಳಗೆ 60 ಡಿಗ್ರಿಯವರೆಗೆ ಬಿಸಿ ಏಳುತ್ತದೆ. ನಾತ ಬಂದರೆ ನೀರು ಹೆಚ್ಚಾಗಿದೆ, ಎಲೆ ಹಾಕಿ ತಿರುವಬೇಕು. ಕೆಲಸ ನಡೆಯದೆ ಹಾಗೇ ಕೂತಿದ್ದರೆ ಒಣಗಿದೆ, ನೀರು ಚಿಮುಕಿಸಬೇಕು. ಇಷ್ಟೇ ಶಾಸ್ತ್ರ. 2006ರಲ್ಲಿ ಪೂನಂ ಬೀರ್ ಕಸ್ತೂರಿ ಬೆಂಗಳೂರಿನಲ್ಲಿ ‘ಡೈಲಿ ಡಂಪ್’ ಆರಂಭಿಸಿ, ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳ ‘ಕಂಬ’ವನ್ನು ಮನೆಗಳಿಗೆ ತಂದಾಗ ಮಧ್ಯಮವರ್ಗದ ಬಾಲ್ಕನಿಗೆ ಅದೊಂದು ಬೆಡಗಿನ ವಸ್ತುವಾಯಿತು. ತಿಪ್ಪೆಯನ್ನು ಮರೆತವರಿಗೆ ತಿಪ್ಪೆಯನ್ನು ಚೆಂದ ಮಾಡಿ ತೋರಿಸಬೇಕಾಗುತ್ತದೆ, ತಪ್ಪೇನಿಲ್ಲ. ಎಚ್‌ಎಸ್‌ಆರ್ ಬಡಾವಣೆಯ ‘ಸ್ವಚ್ಛಾಗ್ರಹ ಕಲಿಕಾ ಕೇಂದ್ರ’ದಲ್ಲಿ ಹತ್ತಾರು ಬಗೆಯ ಗೊಬ್ಬರದ ತೊಟ್ಟಿಗಳನ್ನು ಸಾಲಾಗಿ ಇಟ್ಟಿದ್ದಾರೆ, ನೋಡಿ, ಮುಟ್ಟಿ, ಮೂಸಿ ತಿಳಿಯಬಹುದು. ಇದಕ್ಕೆ ಎದುರಾಗಿ ಅಪಾರ್ಟ್‌ಮೆಂಟುಗಳಿಗೆ ‘ಇಪ್ಪತ್ನಾಲ್ಕು ಗಂಟೆಯಲ್ಲಿ ಗೊಬ್ಬರ’ ಎಂದು ಮಾರುವ ಯಂತ್ರಗಳಿವೆ. ಅವುಗಳ ಮೇಲೆ ನನಗೆ ನಂಬಿಕೆ ಕಡಿಮೆ. ಕರೆಂಟು ಉರಿಸಿ ಅನ್ನವನ್ನು ಒಣಗಿಸಿ ಪುಡಿ ಮಾಡಿದರೆ ಅದು ಒಣಗಿದ ಅನ್ನ. ಗೊಬ್ಬರವಾಗಲು ಅದಕ್ಕೆ ಮತ್ತೆ ವಾರಗಳೇ ಬೇಕು.

ಒಣ ಕಸದ ಕಥೆ ಇನ್ನೊಂದು. ಇಲ್ಲಿ ಸರ್ಕಾರ ಬರುವ ಮೊದಲೇ ಒಂದು ಲೋಕ ಇತ್ತು. ಚಿಂದಿ ಆಯುವವರು ಬೀದಿಯಿಂದ ಆರಿಸಿ ಗುಜರಿ ಅಂಗಡಿಗೆ ಕೊಟ್ಟರು, ಅಲ್ಲಿಂದ ಕಾಗದ, ರಟ್ಟು ಜಾಲಿ ಮೊಹಲ್ಲಾದ ಸಗಟು ಮಂಡಿಗೆ ಹೋದವು, ಪ್ಲಾಸ್ಟಿಕ್ಕು ಮೈಸೂರು ರಸ್ತೆಯ ನಾಯಂಡಹಳ್ಳಿಯಲ್ಲಿ ತೊಳೆದು, ಕತ್ತರಿಸಿ, ಕರಗಿಸಿ ಕಾಳಾಯಿತು. ನಗರಕ್ಕೆ ಒಂದು ಪೈಸೆ ಖರ್ಚಿಲ್ಲದೆ ನಡೆದ ಈ ಕೆಲಸಕ್ಕೆ ಪ್ರತಿಯಾಗಿ ಆ ಜನಕ್ಕೆ ಸಿಕ್ಕಿದ್ದು ಪೊಲೀಸರ ಅನುಮಾನ, ಬೀದಿಯವರ ಬೈಗುಳ. ಪುಣೆಯಲ್ಲಿ ಚಿಂದಿ ಆಯುವವರ ಸಂಘಟನೆಯಲ್ಲಿ ದುಡಿದು ಬಂದಿದ್ದ ನಳಿನಿ ಶೇಖರ್ ಮತ್ತು ಜೊತೆಗಾರರು ಕಟ್ಟಿದ ‘ಹಸಿರು ದಳ’ ಮೊದಲು ಕೇಳಿದ್ದು ಗುರುತಿನ ಚೀಟಿ. 2011ರಲ್ಲಿ ಪಾಲಿಕೆ ತನ್ನ ಮುದ್ರೆಯಿರುವ ಗುರುತಿನ ಚೀಟಿ ಕೊಡಲು ಶುರು ಮಾಡಿತು. ಕುತ್ತಿಗೆಯಲ್ಲಿ ಚೀಟಿ ಇದ್ದರೆ ಬೆಳಗಿನ ಜಾವ ನಾಲ್ಕಕ್ಕೆ ಚೀಲ ಹೊತ್ತು ನಡೆಯುವವರನ್ನು ಕಳ್ಳರೆಂದು ಹಿಡಿಯುವುದು ಅಷ್ಟು ಸುಲಭವಲ್ಲ. ಮುಂದೆ ವಾರ್ಡಿಗೊಂದು ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರ ಬಂತು. ಎಷ್ಟೋ ಕೇಂದ್ರಗಳನ್ನು ಹಿಂದೆ ಚಿಂದಿ ಆಯುತ್ತಿದ್ದವರೇ ನಡೆಸುತ್ತಾರೆ, ಅವರಲ್ಲಿ ಹೆಂಗಸರು ಬಹಳ.

ಅಂಥ ಕೇಂದ್ರದಲ್ಲಿ ಒಂದು ಗಂಟೆ ನಿಂತರೆ ಪ್ಲಾಸ್ಟಿಕ್ಕು ಒಂದೇ ವಸ್ತುವಲ್ಲ ಎಂಬುದು ಮನವರಿಕೆಯಾಗುತ್ತದೆ. ಹಾಲಿನ ಕವರು ಬೇರೆ, ತೆಳು ಕ್ಯಾರಿ ಬ್ಯಾಗು ಬೇರೆ. ನೀರಿನ ಬಾಟಲಿ ಒಂದು ರಾಶಿ, ಅದರ ಮುಚ್ಚಳ ಇನ್ನೊಂದು ರಾಶಿ, ಯಾಕೆಂದರೆ ಎರಡೂ ಬೇರೆ ಬೇರೆ ಪ್ಲಾಸ್ಟಿಕ್ಕು. ಬಣ್ಣವಿಲ್ಲದ ಬಾಟಲಿಗೆ ಬಣ್ಣದ್ದಕ್ಕಿಂತ ಹೆಚ್ಚು ಬೆಲೆ. ಮುರಿದರೆ ಟಕ್ಕೆನ್ನುವ ಗಟ್ಟಿ ಪ್ಲಾಸ್ಟಿಕ್ಕಿಗೆ ‘ಕಡಕ್’ ಎಂದು ಹೆಸರು. ಕೈಗೆ ಬಂದದ್ದನ್ನು ನೋಡದೆಯೇ, ಸದ್ದು ಮತ್ತು ಸ್ಪರ್ಶದಿಂದ ಗುರುತಿಸಿ ಎಸೆಯುವ ಆ ವೇಗ ಯಾವ ಕಾಲೇಜಿನಲ್ಲೂ ಕಲಿಸುವಂಥದ್ದಲ್ಲ. ಕೊನೆಗೆ ಯಾರಿಗೂ ಬೇಡವಾಗಿ ಉಳಿಯುವುದು ಚಿಪ್ಸ್, ಬಿಸ್ಕತ್ತು, ಶಾಂಪೂವಿನ ಹೊಳೆಯುವ ಪೊಟ್ಟಣಗಳು. ಪದರದ ಮೇಲೆ ಪದರ ಅಂಟಿಸಿದ ಈ ಪೊಟ್ಟಣವನ್ನು ಬಿಡಿಸಿ ಮತ್ತೆ ಬಳಸುವುದು ಯಾರಿಗೂ ಗಿಟ್ಟುವುದಿಲ್ಲ. ಬೇಲು ಕಟ್ಟಿ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಕಳಿಸುತ್ತಾರೆ. ಅದನ್ನು ಕಲ್ಲಿದ್ದಲಿಗೆ ಬದಲಿ ಎನ್ನಬಹುದು, ಕಸ ಸೊನ್ನೆಯಾಯಿತು ಎನ್ನುವುದು ಹೆಚ್ಚಾಯಿತು.

ಇನ್ನು ವ್ಯಾಪಾರಸ್ಥರು. 2016ರ ಘನತ್ಯಾಜ್ಯ ನಿಯಮಗಳ ಪ್ರಕಾರ ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಮಾಡುವ ಹೋಟೆಲು, ಆಸ್ಪತ್ರೆ, ಕಚೇರಿ, ಛತ್ರಗಳು ದೊಡ್ಡ ಉತ್ಪಾದಕರು ಎಂದಾಯಿತು. ಅವರ ಕಸಕ್ಕೆ ಅವರೇ ದಾರಿ ನೋಡಿಕೊಳ್ಳಬೇಕು. ಈ ನಿಯಮಗಳಿಗೂ ಮೊದಲೇ ಇಂಥ ಕೆಲಸಕ್ಕೆ ಒಂದು ಹೊಸ ಉದ್ಯೋಗ ಹುಟ್ಟಿಕೊಂಡಿತ್ತು. 2001ರಲ್ಲಿ ವಿಲ್ಮಾ ರಾಡ್ರಿಗಸ್ ಸ್ವಯಂಸೇವಾ ಸಂಸ್ಥೆಯಾಗಿ ಶುರು ಮಾಡಿದ ‘ಸಾಹಸ್’, 2013ರಲ್ಲಿ ‘ಸಾಹಸ್ ಝೀರೊ ವೇಸ್ಟ್’ ಎಂಬ ಕಂಪನಿಯನ್ನು ಕಟ್ಟಿ ಟೆಕ್ ಪಾರ್ಕುಗಳ ಒಳಗೇ ವಿಂಗಡಣೆ, ಗೊಬ್ಬರ ಎಲ್ಲ ಮಾಡಿ ತೋರಿಸಿತು. ಹಸಿರು ದಳದವರೂ ಅಪಾರ್ಟ್‌ಮೆಂಟುಗಳಿಗಾಗಿ ಇಂಥದ್ದೇ ಕಂಪನಿ ಮಾಡಿದರು. ನ್ಯಾಯವಾದ ಕೂಲಿ ಕೊಟ್ಟು, ಲೆಕ್ಕವಿಟ್ಟು ಕಸ ಒಯ್ಯುವುದಕ್ಕೆ ದುಡ್ಡಾಗುತ್ತದೆ. ಅಪಾರ್ಟ್‌ಮೆಂಟಿನ ಸಂಘದ ಸಭೆಯಲ್ಲಿ ಅದರ ಅರ್ಧ ದರಕ್ಕೆ ಒಯ್ಯುತ್ತೇನೆ ಎನ್ನುವವನು ಬಂದಾಗ ಕೈಗಳೆಲ್ಲ ಅವನ ಕಡೆಗೇ ಏಳುತ್ತವೆ. ಅವನ ಲಾರಿ ರಾತ್ರಿ ಯಾವ ಕೆರೆಯಂಗಳಕ್ಕೆ, ಯಾವ ಹಳೆ ಕ್ವಾರಿಗೆ ಹೋಗುತ್ತದೆ ಎಂದು ಕೇಳುವವರು ವಿರಳ. ಅಗ್ಗದ ದರದ ಉಳಿದರ್ಧ ಹಣವನ್ನು ಕೊಡುವುದು ಆ ಕ್ವಾರಿಯ ಊರು.

ಬೀದಿಗೆ ಕಸ ಎಸೆಯುವುದಕ್ಕೆ ಮದ್ದು ಹುಡುಕುತ್ತ ಬೆಂಗಳೂರು 2025ರ ಅಕ್ಟೋಬರ್ ಕೊನೆಗೆ ಒಂದು ವಿಚಿತ್ರ ಪ್ರಯೋಗ ಮಾಡಿತು. ‘ಕಸ ಸುರಿಯುವ ಹಬ್ಬ’ ಎಂದು ಹೆಸರಿಟ್ಟು, ರಸ್ತೆಯಲ್ಲಿ ಕಸ ಎಸೆದವರ ಮನೆ ಮುಂದೆ ಕಸ ಸುರಿದು ದಂಡ ಹಾಕಿತು. ನೋಡಿದವರು ನಕ್ಕರು, ಕೆಲವರು ಕೆರಳಿದರು. ಕಸ ಮನೆ ಬಾಗಿಲಿಗೆ ಬಂದು ಬಿದ್ದರೆ ಹೇಗಿರುತ್ತದೆ ಎಂಬ ಪಾಠವಂತೂ ಕೆಲವರಿಗಾದರೂ ಆಯಿತು.

ಮತ್ತೆ ವ್ಯಾಪಾರಸ್ಥರಿಗೆ ಬಂದರೆ, ಹೋಟೆಲಿನ ವಿಷಯದಲ್ಲಿ ದರ್ಶಿನಿಗಳನ್ನು ಮೆಚ್ಚಬೇಕು. ಸ್ಟೀಲ್ ತಟ್ಟೆ, ಸ್ಟೀಲ್ ಲೋಟ, ನಿಂತು ತಿಂದು ಹೊರಡುವ ಜನ; ಇದಕ್ಕಿಂತ ಕಡಿಮೆ ಕಸದ ಊಟದ ಮನೆ ಹುಡುಕುವುದು ಕಷ್ಟ. ಅಲ್ಲೂ ತಟ್ಟೆಯ ಮೇಲೊಂದು ಹಾಳೆ ಹಾಸುವ ರೂಢಿ ಬಂತು, ತೊಳೆಯುವ ನೀರೂ ಆಳೂ ಉಳಿಯಲೆಂದು. ಪಾರ್ಸೆಲ್ ಎಂದರೆ ಬಿಸಿ ಸಾಂಬಾರು ಪ್ಲಾಸ್ಟಿಕ್ ಕವರಿಗೆ. 2025ರ ಫೆಬ್ರುವರಿಯಲ್ಲಿ ಆರೋಗ್ಯ ಇಲಾಖೆ ಹೋಟೆಲುಗಳನ್ನು ತಪಾಸಣೆ ಮಾಡಿದಾಗ ಇಡ್ಲಿ ಬೇಯಿಸುವ ತಟ್ಟೆಯಲ್ಲೂ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಸಿಕ್ಕಿತು, ಅದನ್ನು ನಿಷೇಧಿಸಬೇಕಾಯಿತು. ಪ್ಲಾಸ್ಟಿಕ್ ಕೈಚೀಲ, ಲೋಟ, ತಟ್ಟೆಗಳನ್ನು ರಾಜ್ಯ 2016ರ ಮಾರ್ಚ್‌ನಲ್ಲೇ ನಿಷೇಧಿಸಿತ್ತು ಎಂಬುದನ್ನು ಇಲ್ಲಿ ನೆನೆದರೆ ನಗು ಬರುತ್ತದೆ.

ಛತ್ರಗಳ ಸ್ಥಿತಿ ಇದಕ್ಕಿಂತ ಕಡೆ. ಬಾಳೆಎಲೆ ಊಟವನ್ನು ಪರಿಸರಸ್ನೇಹಿ ಎಂದು ಹೊಗಳುತ್ತೇವೆ. ಎಲೆಯ ಅಡಿ ಮೇಜಿಗೆ ಹಾಸಿದ ಮೇಣದ ಕಾಗದದ ಸುರುಳಿ, ಎಲೆಯ ಬಲಕ್ಕೆ ಗೇಣುದ್ದದ ನೀರಿನ ಬಾಟಲಿ, ಪಾಯಸಕ್ಕೆ ಒಳಗೆ ಪ್ಲಾಸ್ಟಿಕ್ ಲೇಪಿಸಿದ ಕಾಗದದ ಲೋಟ, ಐಸ್‌ಕ್ರೀಮಿಗೆ ಇನ್ನೊಂದು. ಪಂಕ್ತಿ ಎದ್ದ ಕೂಡಲೇ ಸುರುಳಿಯ ಎರಡೂ ತುದಿ ಹಿಡಿದು ಎಲೆ, ಅನ್ನ, ಬಾಟಲಿ, ಲೋಟ ಎಲ್ಲ ಸೇರಿಸಿ ಸುತ್ತಿ ಎತ್ತುತ್ತಾರೆ. ಅರ್ಧ ಕುಡಿದ ಬಾಟಲಿಗಳಲ್ಲಿ ನೀರು ಕುಲುಕುತ್ತಿರುತ್ತದೆ. ಇದನ್ನು ಆಮೇಲೆ ಬಿಡಿಸಬಲ್ಲ ಯಂತ್ರ ಇಲ್ಲ. ಬದಲಿ ಕಷ್ಟದ್ದೇನಲ್ಲ. ‘ಅದಮ್ಯ ಚೇತನ’ ಸಂಸ್ಥೆ ಪ್ಲೇಟ್ ಬ್ಯಾಂಕ್ ಇಟ್ಟು ಸಮಾರಂಭಗಳಿಗೆ ಸ್ಟೀಲ್ ತಟ್ಟೆ–ಲೋಟ ಕೊಡುತ್ತದೆ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಗೃಹಿಣಿಯರ ಗುಂಪುಗಳೂ ಇಂಥ ಬ್ಯಾಂಕು ನಡೆಸುತ್ತವೆ. ತೊಡಕು ಇರುವುದು ತೊಳೆಯುವಲ್ಲಿ. ಸಾವಿರ ಲೋಟ ತೊಳೆಯಲು ನೀರು, ಜಾಗ, ನಾಲ್ಕು ಜನರ ಕೂಲಿ ಬೇಕು. ಛತ್ರದ ಮಾಲೀಕ ಅದನ್ನು ಅಡುಗೆಯವರ ಮೇಲೆ ಹಾಕುತ್ತಾನೆ, ಅಡುಗೆಯವರು ಹೆಣ್ಣಿನ ಕಡೆಯವರ ಮೇಲೆ. ಅವರು ‘ಬಾಟಲಿಯೇ ಇರಲಿ ಬಿಡಿ, ನೋಡುವವರಿಗೂ ನೀಟಾಗಿರುತ್ತೆ’ ಎನ್ನುತ್ತಾರೆ. ಮುಂಗಡ ಕೊಡುವಾಗಲೇ ತೊಳೆಯುವ ಕೂಲಿಯನ್ನು ಬಾಡಿಗೆಯಲ್ಲಿ ಸೇರಿಸಿ, ಬಾಟಲಿಗೆ ಒಳಗೆ ಪ್ರವೇಶವಿಲ್ಲ ಎಂದು ಬರೆದರೆ ವಾದ ಅಲ್ಲಿಗೇ ಮುಗಿಯುತ್ತದೆ.

ದೊಡ್ಡ ಕಂಪನಿಗಳ ಸೊನ್ನೆ ಬಹುಪಾಲು ಕಾಗದದ ಮೇಲಿನದು. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾಲು ಮಾರುವವರು ಅಷ್ಟೇ ಪ್ಲಾಸ್ಟಿಕ್ಕಿನ ವಿಲೇವಾರಿಗೆ ಹೊಣೆ ಎಂದು ನಿಯಮವಿದೆ. ಕಂಪನಿಗಳು ತಾವೇ ಕಸ ಆರಿಸಬೇಕಿಲ್ಲ. ಮರುಬಳಕೆ ಮಾಡಿದವರಿಂದ ಪ್ರಮಾಣಪತ್ರ ಕೊಂಡರೆ ಸಾಕು. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುಜರಾತ್, ಮಹಾರಾಷ್ಟ್ರ ಮತ್ತು ನಮ್ಮ ಕರ್ನಾಟಕದ ಕೆಲವು ಮರುಬಳಕೆ ಘಟಕಗಳನ್ನು ಪರಿಶೀಲಿಸಿದಾಗ ಸಿಕ್ಕ ನಕಲಿ ಪ್ರಮಾಣಪತ್ರಗಳು ಆರು ಲಕ್ಷಕ್ಕೂ ಹೆಚ್ಚು. ಕರಗಿಸದ ಪ್ಲಾಸ್ಟಿಕ್ಕಿಗೆ ಕರಗಿಸಿದ ಲೆಕ್ಕ.

ಪ್ರಾಮಾಣಿಕ ಸೊನ್ನೆ ಎಷ್ಟು ಕಷ್ಟ ಎಂಬುದನ್ನು ಜಪಾನಿನ ಕಾಮಿಕಾತ್ಸು ತೋರಿಸಿದೆ. ಶಿಕೊಕು ದ್ವೀಪದ ಬೆಟ್ಟಗಳ ನಡುವೆ ಸುಮಾರು 1,500 ಜನರ ಊರು. 2003ರಲ್ಲಿ, 2020ರೊಳಗೆ ಶೂನ್ಯ ಕಸ ಎಂದು ಘೋಷಿಸಿಕೊಂಡಿತು. ಕಸದ ಗಾಡಿ ಬರುವುದಿಲ್ಲ. ಜನರೇ ಕೇಂದ್ರಕ್ಕೆ ತಂದು 45 ವಿಭಾಗಗಳಲ್ಲಿ ಹಾಕುತ್ತಾರೆ. ಹಸಿ ಕಸ ಮನೆಯಲ್ಲೇ ಗೊಬ್ಬರ. ಇಷ್ಟೆಲ್ಲ ಮಾಡಿಯೂ ಮರುಬಳಕೆ ಶೇ 80ರ ಸುತ್ತ ಬಂದು ನಿಂತಿತು. ಡೈಪರು, ಪ್ಯಾಡು, ಬೆರಕೆ ವಸ್ತುಗಳಲ್ಲಿ ಮಾಡಿದ ಚಪ್ಪಲಿ ಇಂಥವು ಉಳಿದ ಐದನೇ ಒಂದು ಪಾಲು. ಊರವರು ಇನ್ನೆಷ್ಟು ವಿಂಗಡಿಸಿದರೂ ಅದು ಕರಗದು; ಅದನ್ನು ಹಾಗೆ ತಯಾರಿಸಿದವನು ಬೇರೆ ಕಡೆ ಇದ್ದಾನೆ.

ತಯಾರಿಸಿದವನ ತನಕ ಕೈ ಚಾಚಲು ಗೊತ್ತಿರುವ ಉಪಾಯಗಳಲ್ಲಿ ಹಳೆಯದು ಠೇವಣಿ. ಸೋಡಾ ಬಾಟಲಿ ಅಂಗಡಿಗೆ ವಾಪಸ್ಸಾಗುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಬಂಡೀಪುರದ ಆಚೆಗೇ ಇರುವ ನೀಲಗಿರಿ ಜಿಲ್ಲೆಯಲ್ಲಿ ಕಾಡಿನಲ್ಲಿ ಒಡೆದು ಬಿದ್ದ ಮದ್ಯದ ಬಾಟಲಿಗಳು ಆನೆಗಳ ಕಾಲಿಗೆ ಚುಚ್ಚುತ್ತಿವೆ ಎಂಬ ದೂರು ಮದ್ರಾಸ್ ಹೈಕೋರ್ಟಿಗೆ ಹೋಗಿ, 2022ರಲ್ಲಿ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ವಸೂಲು ಮಾಡಿ, ಖಾಲಿ ಬಾಟಲಿ ತಂದುಕೊಟ್ಟರೆ ಮರಳಿಸುವ ವ್ಯವಸ್ಥೆ ಬಂತು. ಯಾರಿಗೂ ಪರಿಸರ ಪಾಠ ಹೇಳಲಿಲ್ಲ. ಕುಡಿದವನು ಎಸೆದರೂ ಇನ್ನೊಬ್ಬನು ಆರಿಸಿ ತಂದ. ಬಾಟಲಿಗಳು ರಾಶಿರಾಶಿಯಾಗಿ ವಾಪಸ್ಸು ಬಂದವು, ಯೋಜನೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಅಂಗಡಿಯ ನೌಕರರು ಮಾತ್ರ ಗೊಣಗಿದರು, ಪ್ರತಿಭಟಿಸಿದರು: ಖಾಲಿ ಬಾಟಲಿ ಇಡಲು ಜಾಗವಿಲ್ಲ, ಚೀಟಿ ಅಂಟಿಸಿ ಎಣಿಸಲು ಹೆಚ್ಚಿನ ಜನವಿಲ್ಲ, ದುಡಿಮೆ ಮಾತ್ರ ಇಮ್ಮಡಿಯಾಗಿದೆ ಎಂದು. ಅವರ ಮಾತು ಸರಿಯಾಗಿಯೇ ಇದೆ. ಆ ಜಾಗದ ಬಾಡಿಗೆಯನ್ನೂ ಆ ಎಣಿಕೆಯ ಕೂಲಿಯನ್ನೂ ಬಾಟಲಿ ತುಂಬಿಸಿ ಮಾರುವ ಕಂಪನಿಯೇ ಕೊಡಬೇಕು ಎಂದು ಬರೆದ ಆದೇಶವೊಂದಕ್ಕೆ ಅವರೂ ಕಾಯುತ್ತಿದ್ದಾರೆ.